ಮುಂಗೈಯ ಪಾಠ

ಟೆನ್ನಿಸ್ ಆಟದಲ್ಲಿ ಫೋರ್‌ಹ್ಯಾಂಡ್ ಎಂದು ಕರೆಯುವ ಹೊಡೆತಕ್ಕೆ ನಮ್ಮ ಕನ್ನಡ ಪತ್ರಿಕೆಗಳವರು ‘ಮುಂಗೈ ಹೊಡೆತ’ ಎಂದು ಹೆಸರಿಟ್ಟಿದ್ದಾರೆ. ಬಲಗೈ ಆಟಗಾರನು ತನ್ನ ಬಲಬದಿಗೆ ಬಂದ ಚೆಂಡನ್ನು ಅಂಗೈ ಮುಂದುಮಾಡಿ ಹೊಡೆಯುವುದೇ ಈ ಹೊಡೆತ. ಹೆಸರೇನೋ ಚೆನ್ನಾಗಿದೆ. ಆದರೆ ಮುಂಗೈ ಎಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವೆಂದು ಬಾಲ್ಯದಿಂದ ತಿಳಿದಿದ್ದ ನಾನು, ಆ ಹೊಡೆತವನ್ನು ಹೊಡೆಯಬೇಕಾದುದೂ ಮುಂಗೈಯೇ ಎಂದು ನಂಬಿಬಿಟ್ಟೆ. ಪದಗಳ ಅರ್ಥ ಹೇಳುವುದನ್ನೇ ಕಸುಬಾಗಿ ಮಾಡಿಕೊಂಡ ಕನ್ನಡ ಮಾಸ್ತರನಿಗೆ ಒಂದು ಪದ ಹೀಗೆ ಮೋಸ ಮಾಡಿತು. ಅದಕ್ಕಾಗಿ ನಾನು ತೆತ್ತ ದಂಡ ಆರು ವಾರಗಳ ನೋವು. ಪಡೆದ ಲಾಭ ಒಂದು ಪಾಠ. ಆ ಪಾಠವನ್ನು ಕಲಿಸಿದವರಲ್ಲಿ ಒಬ್ಬನು ನಿಮ್ಮ ನಡುವೆಯೇ ಇರುವುದರಿಂದ, ಅದನ್ನು ನಮ್ಮ ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿಯೇ ಒಪ್ಪಿಸುವುದು ಉಚಿತವೆಂದು ನನಗೆ ತೋರಿತು.

ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವನು. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿಯೇ ಓದಿದವನು. ನಮ್ಮೂರಿನಲ್ಲಿ ಚಿಣಿಪಣಿ ಇತ್ತು, ಲಗೋರಿ ಇತ್ತು, ಕಬಡ್ಡಿ ಇತ್ತು, ಟೆನ್ನಿಸ್ ಇರಲಿಲ್ಲ. ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಬಂದು ಹನ್ನೊಂದು ವರ್ಷಗಳಾದುವು. ಬೆಳಗ್ಗೆ ಲೋಕಲ್ ರೈಲು, ಮಧ್ಯಾಹ್ನದವರೆಗೆ ಶಾಲೆ, ಸಂಜೆ ಮನೆಪಾಠ, ರಾತ್ರಿ ಉತ್ತರಪತ್ರಿಕೆಗಳ ಕಟ್ಟು. ಇಷ್ಟರಲ್ಲಿ ಮೂವತ್ತನಾಲ್ಕು ತುಂಬಿ, ಸೊಂಟದ ಸುತ್ತಳತೆ ನನ್ನ ಅನುಮತಿಯಿಲ್ಲದೆಯೇ ಬೆಳೆಯತೊಡಗಿತು. ಅದನ್ನು ಕಂಡ ನನ್ನ ಮಿತ್ರರೊಬ್ಬರು, ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು, ತಮ್ಮ ಹಳೆಯ ರ‍್ಯಾಕೆಟ್ಟನ್ನೂ ಬಣ್ಣಗೆಟ್ಟ ಮೂರು ಚೆಂಡುಗಳನ್ನೂ ನನಗೆ ದಾನಮಾಡಿದರು. “ನಿಮ್ಮ ಶಾಲೆಯ ಹಿಂಬದಿಯ ಗೋಡೆ ಇದೆಯಲ್ಲ, ಅದೇ ನಿಮ್ಮ ಎದುರಾಳಿ. ಅದು ಎಂದೂ ಗೈರುಹಾಜರಾಗುವುದಿಲ್ಲ” ಎಂದರು.

ಹೀಗೆ ಪ್ರತಿ ಸಂಜೆ ಅರ್ಧ ತಾಸು ಗೋಡೆಯೊಡನೆ ನನ್ನ ಕಾದಾಟ ಆರಂಭವಾಯಿತು. ನನಗೆ ಗುರುವೆಂದರೆ ಟಿ.ವಿ.ಯ ಪರದೆ. ಫ್ರೆಂಚ್ ಓಪನ್ ಪ್ರಶಸ್ತಿಯನ್ನು 2005 ರಿಂದ 2022 ರ ಒಳಗೆ 14 ಸಲ ಗೆದ್ದ ರಫೆಲ್ ನಡಾಲ್ ಅವರ ಹೊಡೆತವನ್ನು ನಾನು ಕಣ್ಣು ಕೀಲಿಸಿ ನೋಡಿದ್ದೆ. ಅವರು ಎಡಗೈ ಆಟಗಾರರು. ಹೊಡೆತ ಮುಗಿಯುವಾಗ ರ‍್ಯಾಕೆಟ್ಟು ಅವರ ತಲೆಯ ಮೇಲೆ ಹಗ್ಗ ಬೀಸಿದಂತೆ ಸುತ್ತಿಕೊಂಡು ಬರುತ್ತಿತ್ತು. ಇದೆಲ್ಲ ಮಣಿಕಟ್ಟಿನ ಚಳಕವೇ ಸರಿ ಎಂದು ನಾನು ತೀರ್ಮಾನಿಸಿದೆ. ಚಿಣಿಪಣಿಯಲ್ಲಿ ಚಿಣಿಯನ್ನು ಚಿಮ್ಮಿಸಿದ ಕೈ ನನ್ನದು. ಮಣಿಕಟ್ಟನ್ನು ಝಾಡಿಸುವುದು ನನಗೆ ಹೊಸತೇ? ಚೆಂಡು ಹತ್ತಿರ ಬಂದೊಡನೆ ಮೈಯನ್ನು ಕಂಬದಂತೆ ನಿಲ್ಲಿಸಿ, ರ‍್ಯಾಕೆಟ್ಟಿನ ಹಿಡಿಯನ್ನು ಬೆರಳು ಬಿಳುಪಾಗುವಷ್ಟು ಬಿಗಿಹಿಡಿದು, ಮಣಿಕಟ್ಟನ್ನು ಪಟಾರೆಂದು ಮುಂದಕ್ಕೆ ಒಗೆಯುತ್ತಿದ್ದೆ. ಚೆಂಡು ಒಮ್ಮೆ ಗೋಡೆಗೆ, ಒಮ್ಮೆ ಗೋಡೆಯಾಚೆಗೆ, ಒಮ್ಮೆ ಮುಖ್ಯಾಧ್ಯಾಪಕರ ಕಿಟಕಿಗೆ ಹೋಗುತ್ತಿತ್ತು.

ಆಗ ಒಂಬತ್ತನೆಯ ತರಗತಿಯಲ್ಲಿದ್ದ ಒಬ್ಬ ಹುಡುಗನು ಆಗಾಗ ಬಂದು ನಿಂತು ನೋಡುತ್ತಿದ್ದ. ಅವನ ಹೆಸರನ್ನು ಹೇಳಕೂಡದೆಂದು ಅವನೇ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಶಾಲೆಗೆ ತಡವಾಗಿ ಬರುವುದರಲ್ಲಿ ಅವನು ಮೊದಲಿಗ. ಅಕ್ಷರದ ಅಂದದಲ್ಲಿ ಕೊನೆಯವನು. ಅವನ ಬರಹ ಇರುವೆಗಳು ಒಂದರ ಮೇಲೊಂದು ಬಿದ್ದು ಸತ್ತಂತೆ ಕಾಣುತ್ತಿತ್ತು. ಒಂದು ಸಂಜೆ ಅವನು ಧೈರ್ಯ ಮಾಡಿ ಹೇಳಿದ: “ಸರ, ನೀವು ಬರೇ ಕೈಲೆ ಹೊಡ್ಯಾಕತ್ತೀರಿ. ಹಿಂಗ ಹೊಡದ್ರ ಕೈ ನೋಯ್ತೈತ್ರಿ.”

ಸುತ್ತ ನಾಲ್ಕಾರು ಹುಡುಗರಿದ್ದರು. ಅವರ ಮುಂದೆ ಶಿಷ್ಯನೊಬ್ಬ ನನ್ನನ್ನು ತಿದ್ದುವುದೇ? “ಮೊದಲು ನಿನ್ನ ಅಕ್ಷರ ತಿದ್ದಿಕೋ, ಆಮೇಲೆ ನನ್ನ ಹೊಡೆತ ತಿದ್ದುವೆಯಂತೆ” ಎಂದುಬಿಟ್ಟೆ. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ಹೊರಟುಹೋದ. ನಾನು ಮತ್ತೂ ಜೋರಾಗಿ ಮಣಿಕಟ್ಟು ಝಾಡಿಸಿದೆ.

ಹತ್ತು ದಿನ ಕಳೆಯುವಷ್ಟರಲ್ಲಿ ಅವನ ಮಾತು ನಿಜವಾಯಿತು. ಒಂದು ಮುಂಜಾನೆ ಚಹದ ಕಪ್ಪನ್ನು ಎತ್ತಲು ಹೋದರೆ ಕಿರುಬೆರಳ ಕಡೆಯ ಮಣಿಕಟ್ಟಿನಲ್ಲಿ ಚಾಕು ಇರಿದಂತಾಯಿತು. ಬೀಗದ ಕೈ ತಿರುವಲಾಗದು, ಬಟ್ಟೆ ಹಿಂಡಲಾಗದು, ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕರಿಹಲಗೆಯ ಮೇಲೆ ಬರೆಯಲಾಗದು. ವೈದ್ಯರು ಸ್ನಾಯುರಜ್ಜು ಕೆರಳಿದೆಯೆಂದು ಹೇಳಿ, ಪಟ್ಟಿ ಬಿಗಿದು, ಆರು ವಾರ ಕೈಗೆ ವಿಶ್ರಾಂತಿ ಕೊಡಬೇಕೆಂದರು. ಫೆಬ್ರವರಿ ತಿಂಗಳು, ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು, ವ್ಯಾಕರಣ ಇನ್ನೂ ಅರ್ಧ ಉಳಿದಿತ್ತು. ಸಂಧಿ ಸಮಾಸಗಳನ್ನು ಬರೆದು ತೋರಿಸದೆ ಬರಿಯ ಬಾಯಿಂದ ಕಲಿಸುವುದು ಹೇಗೆ? ಅಂದು ತರಗತಿಗೆ ಹೋಗಿ, “ನನ್ನ ಪರವಾಗಿ ಹಲಗೆಯ ಮೇಲೆ ಯಾರು ಬರೆಯುವಿರಿ?” ಎಂದು ಕೇಳಿದೆ. ಎಲ್ಲರಿಗಿಂತ ಮೊದಲು ಎದ್ದು ನಿಂತವನು ಅವನೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನ್ನ ತಪ್ಪು ನನ್ನ ಕೈಗೆ ಕಟ್ಟಿದ ಪಟ್ಟಿಯಲ್ಲಿಯೇ ಇತ್ತು. ಆದರೂ ಕ್ಷಮೆ ಕೇಳಲು ನಾಲಗೆ ಏಳಲಿಲ್ಲ. ಸುಮ್ಮನೆ ಸೀಮೆಸುಣ್ಣವನ್ನು ಅವನ ಕೈಗೆ ಕೊಟ್ಟೆ.

ಮುಂದಿನ ಭಾನುವಾರ ಅವನು ನನ್ನನ್ನು ತನ್ನ ತಂದೆಯ ಬಳಿಗೆ ಕರೆದೊಯ್ದ. ಅವರು ನಗರದ ಒಂದು ಕ್ಲಬ್ಬಿನಲ್ಲಿ ಮಾಲಿಯ ಕೆಲಸದಲ್ಲಿದ್ದರು. ಕೆಂಪುಮಣ್ಣಿನ ಎರಡು ಟೆನ್ನಿಸ್ ಅಂಗಣಗಳಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಬಲೆ ಬಿಗಿಯುವುದು ಅವರ ಕೆಲಸ. ಸದಸ್ಯರಿಗೆ ಜೊತೆಯಾಟಗಾರ ಸಿಕ್ಕದಾಗ ಆಡಿಕೊಡುವುದೂ ಉಂಟು. ನಮ್ಮ ಕಡೆಯವರೇ, ನಮ್ಮ ಹಳ್ಳಿಯಿಂದ ಆರು ಹರದಾರಿಯ ಊರು. ನನ್ನ ಕೈಯ ಪಟ್ಟಿಯನ್ನು ನೋಡಿ ಅವರು ನಗಲಿಲ್ಲ. “ಊರಾಗ ಕವಣಿ ಬೀಸಿರಿ ಹೌದಲ್ರಿ, ಸರ?” ಎಂದು ಕೇಳಿದರು.

ಕವಣೆ! ಜೋಳ ಹಾಲುಗಾಳು ಕಟ್ಟಿದಾಗ ನಮ್ಮಜ್ಜ ಮಂಚಿಕೆಯೇರಿ ನಿಂತು, ಗುಬ್ಬಿಗಳನ್ನು ಓಡಿಸಲು ಕವಣೆ ಬೀಸುತ್ತಿದ್ದುದು ಕಣ್ಣಮುಂದೆ ಬಂದಿತು. ಅಜ್ಜನ ಕೈ ಹೆಚ್ಚು ಓಡಾಡುತ್ತಿರಲಿಲ್ಲ. ಕಾಲೂರಿ, ನಡು ತಿರುಗಿಸಿ, ಹೆಗಲಿನಿಂದ ಬೀಸುತ್ತಿದ್ದ. ಕಲ್ಲು ಮಾತ್ರ ಸುಂಯ್ ಎಂದು ಹೊಲದಾಚೆಗೆ ಹೋಗುತ್ತಿತ್ತು.

“ಕಲ್ಲ ಇರೂದು ತುದಿಗಿ, ಜೋರ ಇರೂದು ಬುಡಕ್ಕ. ಇದೂ ಹಂಗ ಐತ್ರಿ, ಸರ” ಎಂದು ಅವರು ಚೆಂಡಿಲ್ಲದೆಯೇ ಹೊಡೆತವನ್ನು ತೋರಿಸಿದರು. ಎಡಗೈಯಿಂದ ರ‍್ಯಾಕೆಟ್ಟಿನ ಕತ್ತನ್ನು ಹಿಡಿದು ಮೈಯನ್ನೆಲ್ಲ ಒಟ್ಟಾಗಿ ಬಲಕ್ಕೆ ತಿರುಗಿಸಿದರು. ಬಲಗಾಲಿನ ಮೇಲೆ ಭಾರ ಹಾಕಿ ಮೊಣಕಾಲನ್ನು ತುಸು ಬಾಗಿಸಿದರು. ಬಳಿಕ ಕಾಲು ನೆಲವನ್ನು ಒತ್ತಿತು, ನಡು ತಿರುಗಿತು, ನಡುವಿನ ಹಿಂದೆ ಎದೆ, ಎದೆಯ ಹಿಂದೆ ಹೆಗಲು, ಹೆಗಲಿನ ಹಿಂದೆ ತೋಳು ಬಂದುವು. ರ‍್ಯಾಕೆಟ್ಟು ಎಲ್ಲಕ್ಕಿಂತ ಹಿಂದೆ ಉಳಿದು, ಮಣಿಕಟ್ಟು ತಾನಾಗಿಯೇ ಹಿಂದಕ್ಕೆ ಬಾಗಿತು. ಅನಂತರ ಒಂದೇ ಕ್ಷಣದಲ್ಲಿ ರ‍್ಯಾಕೆಟ್ಟು ಎಲ್ಲರನ್ನೂ ದಾಟಿ ಮುಂದಕ್ಕೆ ಹಾರಿತು.

ಈ ವಿಚಿತ್ರವನ್ನು ತಿಳಿಯಲು ನಿಮಗೆ ದೊಡ್ಡ ಗ್ರಂಥಗಳು ಬೇಕಾಗಿಲ್ಲ. ನೀವೆಲ್ಲ ಲೋಕಲ್ ರೈಲಿನಲ್ಲಿ ನಿಂತು ಪ್ರಯಾಣ ಮಾಡುವವರು. ರೈಲು ಹೊರಟಾಗ ಏನಾಗುತ್ತದೆ? ನೀವು ಹಿಂದಕ್ಕೆ ವಾಲುತ್ತೀರಿ. ನಿಮ್ಮನ್ನು ಯಾರೂ ಹಿಂದಕ್ಕೆ ನೂಕಲಿಲ್ಲ. ರೈಲು ಬ್ರೇಕು ಹಾಕಿದಾಗ ಮುಂದಕ್ಕೆ ಮುಗ್ಗರಿಸುತ್ತೀರಿ. ಆಗಲೂ ಯಾರೂ ನೂಕಲಿಲ್ಲ. ಮೈಯೆಂಬುದು ರೈಲು, ರ‍್ಯಾಕೆಟ್ಟು ಅದರೊಳಗಿನ ಪ್ರಯಾಣಿಕ. ಮೈ ಮುಂದಕ್ಕೆ ಹೊರಟಾಗ ರ‍್ಯಾಕೆಟ್ಟು ಹಿಂದೆ ಉಳಿಯುತ್ತದೆ. ಆದುದರಿಂದಲೇ ಮಣಿಕಟ್ಟು ಹಿಂದಕ್ಕೆ ಬಾಗುವುದು. ನಡುವೂ ಎದೆಯೂ ತಿರುಗಿ ನಿಧಾನವಾದಾಗ, ಅವುಗಳ ವೇಗ ತೋಳಿಗೂ ತೋಳಿನಿಂದ ರ‍್ಯಾಕೆಟ್ಟಿಗೂ ದಾಟುತ್ತದೆ. ದೊಡ್ಡ ಅಂಗಗಳು ನಿಧಾನವಾಗಿ ತಿರುಗಿ ಸಂಪಾದಿಸಿದ್ದನ್ನು ಕೊನೆಯಲ್ಲಿ ಚಿಕ್ಕ ಅಂಗಗಳು ವೇಗವಾಗಿ ಖರ್ಚು ಮಾಡುತ್ತವೆ. ಮಣಿಕಟ್ಟು ಈ ಹಣವನ್ನು ಸಾಗಿಸುವ ಅಂಚೆಯವನು, ಹಣ ಅವನದಲ್ಲ.

ತೋಳಿನ ಕೆಲಸವೂ ನಾನು ತಿಳಿದಂತಿರಲಿಲ್ಲ. ನೀವು ಕುಳಿತಲ್ಲಿಯೇ ಒಂದು ಪರೀಕ್ಷೆ ಮಾಡಿ. ಮೊಣಕೈಯನ್ನು ಪಕ್ಕೆಗೆ ತಾಗಿಸಿ ಮಡಚಿ, ಅಂಗೈಯನ್ನು ಬಲಕ್ಕೆ ಚಾಚಿ. ಈಗ ಮೊಣಕೈಯನ್ನು ಕದಲಿಸದೆ ಅಂಗೈಯನ್ನು ಹೊಟ್ಟೆಯ ಕಡೆಗೆ ತನ್ನಿ. ಬಾಗಿಲು ತಿರುಗಣಿಯ ಮೇಲೆ ಮುಚ್ಚಿಕೊಂಡಂತೆ ಮುಂಗೈ ಒಳಕ್ಕೆ ಬರುತ್ತದೆ. ತಿರುಗಿದ್ದು ಮುಂಗೈಯೆಂದು ಕಣ್ಣಿಗೆ ತೋರಿದರೂ, ನಿಜವಾಗಿ ತಿರುಗಿದ್ದು ಹೆಗಲ ಕೀಲಿನಲ್ಲಿರುವ ಮೇಲ್ತೋಳು. ಆಸ್ಟ್ರೇಲಿಯದ ಬ್ರೂಸ್ ಎಲಿಯಟ್ ಮತ್ತು ಅವರ ಸಂಗಡಿಗರು 1989 ರಲ್ಲಿಯೂ 1997 ರಲ್ಲಿಯೂ ಈ ಹೊಡೆತವನ್ನು ಅಳೆದು ಬರೆದ ಪ್ರಬಂಧಗಳಿವೆ. ಮೇಲ್ತೋಳಿನ ಈ ಒಳತಿರುವು ರ‍್ಯಾಕೆಟ್ಟಿನ ವೇಗಕ್ಕೆ ದೊಡ್ಡ ಕಾಣಿಕೆ ಸಲ್ಲಿಸುತ್ತದೆಂಬುದು ಇಂಥ ಅಳತೆಗಳಿಂದ ತಿಳಿದುಬಂದ ಸಂಗತಿ. ಇನ್ನು ಮುಂಗೈಗೆ ತನ್ನದೇ ಆದ ಒಂದು ತಿರುವು ಇದೆ: ತಂಬಿಗೆಯಿಂದ ನೀರು ಬಗ್ಗಿಸುವಾಗ ಅಂಗೈ ಕೆಳಮುಖವಾಗುವುದಲ್ಲ, ಅದು. ಹೊಡೆತ ಮುಗಿಯುತ್ತ ಬಂದಂತೆ ಈ ಎರಡು ತಿರುವುಗಳೂ ಕೂಡಿಕೊಳ್ಳುತ್ತವೆ. ದೂರದಿಂದ ನೋಡುವವನಿಗೆ ಎಲ್ಲವೂ ಮಣಿಕಟ್ಟಿನ ಚಳಕದಂತೆ ಕಾಣುತ್ತದೆ. ಟಿ.ವಿ.ಯ ಮುಂದೆ ಕುಳಿತು ನಾನು ಮೋಸಹೋದದ್ದು ಇಲ್ಲಿಯೇ.

ಬ್ಯಾಂಕಿನ ಮಿತ್ರರು ತಮ್ಮ ಮೊಬೈಲಿನಲ್ಲಿ ಮಾಲಿಯವರ ಹೊಡೆತವನ್ನು ಚಿತ್ರಿಸಿಕೊಂಡರು. ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ಸೌಕರ್ಯ ಅದರಲ್ಲಿತ್ತು. ನಾವು ಮೂವರೂ ಬೆಂಚಿನ ಮೇಲೆ ಕುಳಿತು ಒಂದೊಂದೇ ಚಿತ್ರವನ್ನು ಸರಿಸಿ ನೋಡಿದೆವು. ಚೆಂಡು ರ‍್ಯಾಕೆಟ್ಟಿನ ತಂತಿಗಳಿಗೆ ತಾಗಿರುವುದು ಒಂದೇ ಒಂದು ಚಿತ್ರದಲ್ಲಿ ಕಾಣಿಸಿತು. ಮುಂದಿನದರಲ್ಲಿ ಅದು ಹೊರಟುಹೋಗಿತ್ತು! ಚೆಂಡು ತಂತಿಯ ಮೇಲಿರುವುದು ಸೆಕೆಂಡಿನ ಸಾವಿರದ ನಾಲ್ಕೈದು ಭಾಗ ಮಾತ್ರ. ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಿಸಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಬೇಕು. ಅಂದಮೇಲೆ, ಚೆಂಡು ತಾಗಿದೊಡನೆ ಮಣಿಕಟ್ಟನ್ನು ತಿರುಗಿಸಿ ಅದನ್ನು ಉರುಳಿಸುತ್ತೇನೆಂಬ ನನ್ನ ಹಂಚಿಕೆ, ಹೊರಟ ರೈಲಿಗೆ ಮನೆಯಲ್ಲಿ ಕುಳಿತು ಟಿಕೇಟು ತೆಗೆಸಿದಂತೆಯೇ ಸರಿ. ಆ ಒಂದು ಚಿತ್ರದಲ್ಲಿ ಮಾಲಿಯವರ ಮಣಿಕಟ್ಟು ಇನ್ನೂ ಹಿಂದಕ್ಕೆ ಬಾಗಿಯೇ ಇತ್ತು. ನಾನು ನಡಾಲ್ ಅವರಲ್ಲಿ ಕಂಡು ಮರುಳಾದದ್ದು ಚೆಂಡು ಹೋದಮೇಲಿನ ಬೀಸು. ಚೆಂಡು ಹೊರಳಿಕೊಂಡು ಹೋಗುವುದು, ರ‍್ಯಾಕೆಟ್ಟು ಕೆಳಗಿನಿಂದ ಮೇಲಕ್ಕೆ ಸವರುತ್ತ ಬರುವುದರಿಂದ. ಹಾಗೆ ಹೊರಳುವ ಚೆಂಡು ಬಲೆಯ ಮೇಲೆ ಎತ್ತರವಾಗಿ ಹಾದರೂ ಬೇಗ ಕೆಳಗಿಳಿದು ಗೆರೆಯ ಒಳಗೇ ಬೀಳುತ್ತದೆ.

ಹಾಗಾದರೆ ಮಣಿಕಟ್ಟಿಗೆ ಕೆಲಸವೇ ಇಲ್ಲವೆ? ಇದೆ, ಅದು ಬಹು ಜವಾಬ್ದಾರಿಯ ಕೆಲಸ. ಅಂಗಣದ ಉದ್ದ 23.77 ಮೀಟರ್. ಒಂದು ತುದಿಯಿಂದ ಹೊರಟ ಚೆಂಡಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಇನ್ನೊಂದು ತುದಿ ಮುಟ್ಟುವಾಗ ಅದು ಸುಮಾರು 41 ಸೆಂಟಿಮೀಟರ್ ಆಚೆಗೆ ಹೋಗಿರುತ್ತದೆ. ರ‍್ಯಾಕೆಟ್ಟಿನ ಮುಖ ಎತ್ತ ನೋಡಬೇಕೋ ಅತ್ತಲೇ ನೋಡುವಂತೆ ಇರಿಸುವುದು ಮಣಿಕಟ್ಟಿನ ಹೊಣೆ. ಜೋರು ಹುಟ್ಟಿಸುವ ಕೆಲಸವನ್ನೂ ಅದರ ಮೇಲೆಯೇ ಹೊರಿಸಿದರೆ ಅದು ಎರಡನ್ನೂ ಕೆಡಿಸುತ್ತದೆ. ಅದರ ರಚನೆಯಾದರೂ ಎಷ್ಟು ನಾಜೂಕು! ಎರಡು ಸಾಲುಗಳಲ್ಲಿ ಜೋಡಿಸಿದ ಎಂಟು ಪುಟ್ಟ ಮೂಳೆಗಳು, ಅವುಗಳ ಮೇಲೆ ಹಾದುಹೋಗುವ ರಜ್ಜುಗಳು. ಬೆರಳುಗಳನ್ನು ಮಡಚುವ ಬಲವಾದ ಸ್ನಾಯುಗಳು ಸಹ ಅಲ್ಲಿಲ್ಲ. ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು ಮುಷ್ಟಿ ಬಿಗಿದು ನೋಡಿ, ಅವು ಎಲ್ಲಿ ಉಬ್ಬುತ್ತವೆಂಬುದು ನಿಮಗೇ ತಿಳಿಯುತ್ತದೆ.

ಜಗತ್ತಿನ ಶ್ರೇಷ್ಠ ಆಟಗಾರರನ್ನೂ ಈ ಕೀಲು ಬಿಟ್ಟಿಲ್ಲ. ಅರ್ಜೆಂಟೀನದ ಹುವಾನ್ ಮಾರ್ಟಿನ್ ಡೆಲ್ ಪೊಟ್ರೊ 2009 ರಲ್ಲಿ ಅಮೆರಿಕದ ಓಪನ್ ಪ್ರಶಸ್ತಿಯನ್ನು ಗೆದ್ದರು; ಮರುವರ್ಷವೇ ಬಲ ಮಣಿಕಟ್ಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅದೇ ಪ್ರಶಸ್ತಿಯನ್ನು 2020 ರಲ್ಲಿ ಗೆದ್ದ ಆಸ್ಟ್ರಿಯದ ಡೊಮಿನಿಕ್ ಥೀಮ್ ಅವರ ಬಲ ಮಣಿಕಟ್ಟಿಗೆ 2021 ರ ಜೂನ್ ತಿಂಗಳಲ್ಲಿ ಪೆಟ್ಟಾಯಿತು. ಹಿಂದಿನ ಆಟ ಮರಳಿ ಬರಲಿಲ್ಲ. 2024 ರಲ್ಲಿ, ಮೂವತ್ತೊಂದನೆಯ ವಯಸ್ಸಿಗೆ, ಅವರು ಆಟದಿಂದ ನಿವೃತ್ತರಾದರು. ಇವರು ನನ್ನಂತೆ ತಪ್ಪಾಗಿ ಹೊಡೆದರೆಂದು ಹೇಳುವಷ್ಟು ಉದ್ಧಟನಲ್ಲ ನಾನು. ವರ್ಷಗಟ್ಟಲೆ ಸಾಧನೆ ಮಾಡಿದ ಕೈಗಳಿಗೇ ಈ ಪಾಡಾದರೆ, ಸೀಮೆಸುಣ್ಣ ಹಿಡಿಯುವ ಕೈ ಎಷ್ಟರದು ಎಂದಷ್ಟೇ ನನ್ನ ಮಾತು.

ಅಂದು ಕ್ಲಬ್ಬಿನಿಂದ ಹೊರಡುವಾಗ ಮಾಲಿಯವರು ಮಗನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ನನಗ ಬೆನ್ನ ನೋವೈತ್ರಿ, ಸರ. ರೋಲರ್ ಎಳಿಯಾಕ ಆಗೂದಿಲ್ಲ. ಮುಂಜಾನೆ ಐದಕ್ಕ ಎದ್ದು ಇವನ ಎಳದಕೊಡ್ತಾನ್ರಿ. ಅದಕ್ಕ ಸಾಲಿಗಿ ಒಮ್ಮೊಮ್ಮೆ ತಡಾ ಆಕ್ಕೈತಿ. ಸಿಟ್ಟಾಗಬ್ಯಾಡ್ರಿ.”

ನಾನು ಎರಡು ವರ್ಷ ಅವನನ್ನು ತರಗತಿಯ ಬಾಗಿಲಲ್ಲಿ ನಿಲ್ಲಿಸಿದ್ದೆ. ಏಕೆ ತಡವಾಯಿತೆಂದು ಗದರಿಸಿ ಕೇಳಿದ್ದೆನೇ ಹೊರತು, ಉತ್ತರಕ್ಕಾಗಿ ಒಂದು ದಿನವೂ ಕಾದಿರಲಿಲ್ಲ. ಅವನ ಕೈಬರಹದ ಗುಟ್ಟೂ ಆಗ ಹೊಳೆಯಿತು. ಮುಂಜಾನೆ ಕಬ್ಬಿಣದ ರೋಲರಿನ ಹಿಡಿಯನ್ನು ಬಿಗಿಹಿಡಿದ ಬೆರಳುಗಳು ಶಾಲೆಗೆ ಬಂದಮೇಲೂ ಸಡಿಲವಾಗುತ್ತಿರಲಿಲ್ಲ. ಪೆನ್ನನ್ನೂ ಅದೇ ಬಿಗಿಯಲ್ಲಿ ಹಿಡಿಯುತ್ತಿದ್ದುವು. ಹಿಂದಿರುಗುವ ದಾರಿಯಲ್ಲಿ, ರಸ್ತೆ ದಾಟಲು ನಿಂತಾಗ, ಅವನಿಗೆ ಹೇಳಿದೆ: “ಅಂದು ಹುಡುಗರ ಮುಂದೆ ನಾನು ಆಡಿದ ಮಾತು ತಪ್ಪು. ನೀನು ಹೇಳಿದ್ದು ಸರಿಯಾಗಿತ್ತು.” ಅವನು ನಾಚಿ, “ಇರ್ಲಿ ಬಿಡ್ರಿ, ಸರ” ಎಂದ. ಆದರೆ ಹುಡುಗರ ಮುಂದೆ ಆಡಿದ ಮಾತನ್ನು ರಸ್ತೆಯ ಬದಿಯಲ್ಲಿ ಹಿಂತೆಗೆದುಕೊಂಡರೆ ಸಾಲದೆಂದು ರಾತ್ರಿಯೆಲ್ಲ ಮನಸ್ಸು ಚುಚ್ಚಿತು. ಮರುದಿನ ತರಗತಿಯಲ್ಲಿ ಎಲ್ಲರ ಎದುರಿಗೆ ಅದನ್ನೇ ಮತ್ತೊಮ್ಮೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ಆ ಆರು ವಾರಗಳಲ್ಲಿ ನಾವಿಬ್ಬರೂ ಪಾಠ ಹಂಚಿಕೊಂಡೆವು. ಅವನು ಕರಿಹಲಗೆಯ ಮುಂದೆ ನಿಂತಾಗ ನಾನು ಹೇಳುತ್ತಿದ್ದೆ: “ಸೀಮೆಸುಣ್ಣವನ್ನು ಅಷ್ಟು ಬಿಗಿಹಿಡಿದರೆ ಮುರಿಯುತ್ತದೆ. ಬೆರಳಿನಿಂದ ಬರೆಯಬೇಡ, ಹೆಗಲಿನಿಂದ ತೋಳನ್ನು ತಿರುಗಿಸಿ ಬರೆ.” ನಮ್ಮ ಕನ್ನಡದ ಅಕ್ಷರಗಳು ದುಂಡಗಿನವು, ಹಲಗೆಯ ಮೇಲೆ ಒಂದು ದೊಡ್ಡ ‘ಅ’ ಬರೆಯಬೇಕಾದರೆ ತೋಳು ಪೂರ್ತಿ ಸುತ್ತು ಬರಲೇಬೇಕು. ಮೊದಲ ವಾರ ಅವನ ‘ಅ’ ಬೆಂಗಾಡಿನ ಸೌತೆಕಾಯಿಯಂತಿತ್ತು. ಮೂರನೆಯ ವಾರಕ್ಕೆ ಹೊಟ್ಟೆ ತುಂಬಿತು. ಐದನೆಯ ವಾರ ಅವನು ಬರೆದ ಆಗಮಸಂಧಿಯ ಉದಾಹರಣೆಗಳನ್ನು ಒರೆಸಲು ನನಗೇ ಮನಸ್ಸು ಬರಲಿಲ್ಲ. ಹಲಗೆಯ ಮೇಲೆ ಸಡಿಲವಾದ ಕೈ ನಿಧಾನವಾಗಿ ಹಾಳೆಯ ಮೇಲೆಯೂ ಸಡಿಲವಾಯಿತು. ಅವನ ಅಕ್ಷರ ಮುತ್ತಿನಂತಾಯಿತೆಂದು ಹೇಳಿದರೆ ಸುಳ್ಳಾದೀತು, ಓದುವಂತಾಯಿತು.

ಪಟ್ಟಿ ಬಿಚ್ಚಿದ ಮೇಲೆ ನಾನು ಪುನಃ ಗೋಡೆಯ ಮುಂದೆ ನಿಂತೆ. ಅವನು ಹಿಂದೆ ನಿಂತು ಹೇಳಿಕೊಡುತ್ತಿದ್ದ. ಮೊದಲ ದಿನಗಳಲ್ಲಿ ಕೈ ತನ್ನ ಹಳೆಯ ಚಾಳಿಯನ್ನು ಬಿಡಲಿಲ್ಲ; ಚೆಂಡನ್ನು ಕಂಡೊಡನೆ ಮಣಿಕಟ್ಟು ತಾನೇ ಯಜಮಾನನಂತೆ ಮುನ್ನುಗ್ಗುತ್ತಿತ್ತು. “ಕಾಲ ಮೊದಲ್ರಿ, ಸರ, ಕೈ ಆಮ್ಯಾಲೆ” ಎಂದು ಅವನು ಎಚ್ಚರಿಸುತ್ತಿದ್ದ. ಒಂದು ಸಂಜೆ, ಹೇಗೆಂದು ನಾನರಿಯೆ, ಕಾಲು ನೆಲವನ್ನು ಒತ್ತಿತು, ನಡು ತಿರುಗಿತು, ಹಿಡಿತ ಸಡಿಲವಾಗಿಯೇ ಉಳಿಯಿತು. ಹೊಡೆದಂತೆಯೇ ಅನ್ನಿಸಲಿಲ್ಲ. ಚೆಂಡು ಮಾತ್ರ ಗೋಡೆಗೆ ಬಡಿದು, ಅಂಗಳ ದಾಟಿ, ನೀರಿನ ಕೊಳಾಯಿಯವರೆಗೆ ಹೋಯಿತು. ನಾನು ತಿರುಗಿ ನೋಡಿದೆ. “ಹಾಂ” ಎಂದಷ್ಟೇ ಅಂದು ಅವನು ಚೆಂಡು ತರಲು ಓಡಿದ.

ಪ್ರಿಯ ವಿದ್ಯಾರ್ಥಿಗಳೆ, ಕನ್ನಡ ನಾಡಿನ ಕೊಡಗಿನವರಾದ ರೋಹನ್ ಬೋಪಣ್ಣ ಅವರು 2024 ರಲ್ಲಿ, ತಮ್ಮ ನಲವತ್ತಮೂರನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಜೋಡಿಯಾಟದ ಪ್ರಶಸ್ತಿಯನ್ನು ಗೆದ್ದರು. ಅದನ್ನು ನೆನೆದು ನಾನೂ ಆಗಾಗ ಧೈರ್ಯ ತಂದುಕೊಳ್ಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಕಲಿಯುವ ಆಸೆಯಿದ್ದರೆ, ರ‍್ಯಾಕೆಟ್ಟು ನನ್ನ ಮೇಜಿನ ಪಕ್ಕದಲ್ಲಿಯೇ ಇದೆ. ಗೋಡೆಯೂ ಅಲ್ಲಿಯೇ ಇದೆ. ಮೊದಲು ಚೆಂಡಿಲ್ಲದೆ ನಿಂತು, ನೆಲದಿಂದ ಹೆಗಲವರೆಗೆ ಬರುವ ತಿರುವನ್ನು ಹತ್ತು ಸಲ ಮಾಡಿ. ಹಿಡಿಯನ್ನು ಸೀಮೆಸುಣ್ಣ ಹಿಡಿದಷ್ಟೇ ಹಿಡಿಯಿರಿ. ಮಣಿಕಟ್ಟನ್ನು ಹಿಂದಕ್ಕೆ ಬಾಗಲು ಬಿಡಿ, ಮುಂದಕ್ಕೆ ನೂಕಬೇಡಿ. ಕೈ ನೋಯತೊಡಗಿದರೆ ಅಂದಿನ ಆಟವನ್ನು ನಿಲ್ಲಿಸಿ.

ನಮ್ಮ ಹುಡುಗನು ಈ ವರ್ಷ ಹತ್ತನೆಯ ತರಗತಿಯಲ್ಲಿದ್ದಾನೆ. ಈ ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ಪರೀಕ್ಷೆ ಬರೆದು ಮುಗಿಸಿರುತ್ತಾನೆ. ಈಗಲೂ ಅವನು ವಾರದಲ್ಲಿ ಎರಡು ದಿನ ತಡವಾಗಿ ಬರುತ್ತಾನೆ, ಅಂಗಾಲಿಗೆ ಕೆಂಪು ಮಣ್ಣು ಹತ್ತಿರುತ್ತದೆ. ನಾನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ತಪ್ಪಿಹೋದ ಪಾಠವನ್ನು ಸಂಜೆ, ಗೋಡೆಯ ಬಳಿ, ಆಟ ಮುಗಿದಮೇಲೆ ಹೇಳಿಕೊಡುತ್ತೇನೆ.